ಡಿಪಿಎಫ್ ದೀಪ ಮತ್ತು ಷೋರೂಮಿನ ಓಡಾಟ: ನನ್ನ ಅನುಭವ

ಕೊಂಡು ವರ್ಷವೂ ತುಂಬದ ಬಿಎಸ್ 6 (ಈಗಿನ ಹೊಗೆ ನಿಯಮದ) ಡೀಸೆಲ್ ಕಾರಿನಲ್ಲಿ, ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್ ಆದ ಡಿಪಿಎಫ್‌ನ ಎಚ್ಚರಿಕೆ ದೀಪ ಪದೇ ಪದೇ ಹೊತ್ತಿಕೊಂಡಾಗ, ಫೋರ್ಸ್ಡ್ ರೀಜನರೇಷನ್ ಮಾಡಿ (ಉಪಕರಣದಿಂದ ಆ ಮಸಿಯನ್ನು ಸುಡಿಸಿ) ದೋಷದ ಕೋಡ್ ಅಳಿಸಿ ಕಳುಹಿಸುವುದನ್ನು ದುರಸ್ತಿ ಎನ್ನಲಾಗದು ಎಂದು ನಾನು ಮೊದಲಿನಿಂದಲೂ ವಾದಿಸುತ್ತಿದ್ದೆ. ಷೋರೂಮಿನ ಸರ್ವಿಸ್ ಅಡ್ವೈಸರ್ ಪ್ರತಿ ಬಾರಿಯೂ, "ನೀವು ಊರೊಳಗೇ ಓಡಿಸುತ್ತೀರಿ ಸಾರ್, ಹೈವೇಯಲ್ಲಿ ಓಡಿಸಿ, ಮಸಿ ತಾನೇ ಸುಡುತ್ತದೆ" ಎನ್ನುತ್ತಿದ್ದರು. ನಾನು ವಾರದ ಬಹುತೇಕ ದಿನ ಹಾಸನದಿಂದ ಸಕಲೇಶಪುರಕ್ಕೆ ಹೋಗಿ ಬರುವವನು. ಒಂದೇ ಓಟಕ್ಕೆ ನಲವತ್ತು ಕಿಲೋಮೀಟರ್ ಹೆದ್ದಾರಿ ಸಿಗುವ ಗಾಡಿಗೆ ಆ ಮಾತು ಹೇಗೆ ಅನ್ವಯಿಸುತ್ತದೆ ಎಂದು ಕೇಳಿದರೆ ಉತ್ತರವಿರಲಿಲ್ಲ.

ಗೆಳೆಯರಲ್ಲಿ ಕೆಲವರು ಗಾಡಿ ಮಾರಿಬಿಡು ಎಂದರು, ಪರಿಚಯದ ಮೆಕ್ಯಾನಿಕ್ ಒಬ್ಬರು ಡಿಪಿಎಫ್ ಅನ್ನೇ ತೆಗೆಸಿಬಿಡಿ ಎಂದರು. ವಾರಂಟಿ ಇರುವ ಗಾಡಿಯಲ್ಲಿ ಆ ಕೆಲಸಕ್ಕೆ ಕೈಹಾಕಬಾರದು. ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಫೋನಿನಲ್ಲಿ ತೋರಿಸುವ, ಸಾವಿರ ರೂಪಾಯಿ ಚಿಲ್ಲರೆಯ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ತರಿಸಿ ನಾನೇ ಅಳೆಯುತ್ತೇನೆ ಎಂದಾಗ ಆ ಆಟಿಕೆಯಿಂದ ಏನಾದೀತು ಎಂದವರೇ ಹೆಚ್ಚು.

ನಾನು ಬರೆದಿಟ್ಟದ್ದು ಮೂರು ಅಂಕಿಗಳನ್ನು: ಎರಡು ರೀಜನ್‌ಗಳ (ಮಸಿ ಸುಡುವ ಸುತ್ತುಗಳ) ನಡುವೆ ಓಡಿದ ದೂರ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ, ಮತ್ತು ಇಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿದಾಗಿನ ಡಿಫರೆನ್ಷಿಯಲ್ ಪ್ರೆಷರ್, ಅಂದರೆ ಫಿಲ್ಟರಿನ ಹಿಂದುಮುಂದಿನ ಒತ್ತಡದ ವ್ಯತ್ಯಾಸ. ಮೊದಲನೆಯದು ನೂರಿಪ್ಪತ್ತು, ನೂರೈವತ್ತು ಕಿಲೋಮೀಟರ್ ದಾಟುತ್ತಿರಲಿಲ್ಲ. ಅರ್ಧಕ್ಕೆ ನಿಂತ ರೀಜನ್‌ಗಳಿಂದ ಸುಡದ ಡೀಸೆಲ್ ಇಂಜಿನ್ ಆಯಿಲ್‌ಗೆ ಇಳಿದು ಅದರ ಮಟ್ಟ ಮೇಲೇರುತ್ತಿತ್ತು. ನಿರ್ಣಾಯಕವಾದದ್ದು ಮೂರನೆಯದು. ಹೊಗೆಯ ಹರಿವೇ ಇಲ್ಲದಾಗ ಸೊನ್ನೆಯ ಹತ್ತಿರ ಇರಬೇಕಾದ ಒತ್ತಡ ನನ್ನ ಗಾಡಿಯಲ್ಲಿ ಒಂದೂವರೆ, ಎರಡು ಕಿಲೋಪ್ಯಾಸ್ಕಲ್ ತೋರಿಸುತ್ತಿತ್ತು. ಅಂದರೆ ಈ ಒತ್ತಡ ಅಳೆಯುವ ಸೆನ್ಸರ್, ಇಲ್ಲದ ಮಸಿಯನ್ನು ಇದೆಯೆಂದು ಹೇಳುತ್ತಿತ್ತು, ಇಂಜಿನ್ನಿನ ಕಂಪ್ಯೂಟರಾದ ಇಸಿಯು ಅದನ್ನು ನಂಬಿ ಮತ್ತೆ ಮತ್ತೆ ಸುಡಲು ಹೊರಡುತ್ತಿತ್ತು. ವ್ಯತ್ಯಾಸ ಸಣ್ಣದಾದ್ದರಿಂದ ಸೆನ್ಸರ್‌ನದೇ ಕೋಡ್ ದಾಖಲಾಗುತ್ತಿರಲಿಲ್ಲ, ಷೋರೂಮಿನವರಿಗೆ ಕಾಣಿಸದೆ ಹೋದದ್ದೂ ಅದಕ್ಕೇ.

ಎತ್ತರದ ಪರಿಣಾಮವಿರಬಹುದೆಂದು ಯಾರೋ ಹೇಳಿದ್ದರಿಂದ ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿಯಲ್ಲಿಯೂ ಅಳೆದೆ, ಅಂಕಿ ಕದಲಲಿಲ್ಲ. ಎರಡು ತಿಂಗಳು ಪ್ರೀಮಿಯಂ ಡೀಸೆಲ್ ಹಾಕಿಸಿದೆ, ಬಾಟಲಿಗೆ ಒಂಬೈನೂರು ರೂಪಾಯಿಯ ಅಡಿಟಿವ್ ಸುರಿದೆ. ಎರಡರಿಂದಲೂ ರೀಜನ್ ದೂರ ಬದಲಾಗಲಿಲ್ಲ, ಹಣ ಮಾತ್ರ ಹೋಯಿತು. ಅವಧಿಗೆ ಮುನ್ನವೇ ಎರಡು ಸಲ ಆಯಿಲ್ ಬದಲಾಯಿಸಿದ್ದಕ್ಕೆ ಹದಿನೈದು ಸಾವಿರ ತೆತ್ತಿದ್ದೆ, ಬಾಡಿಗೆ ಕಾರುಗಳಿಗೆ ಸುರಿದದ್ದು ಬೇರೆ.

ಈ ಅಂಕಿಗಳನ್ನು ಕಂಡರೂ ಅಡ್ವೈಸರ್ ತಲೆಯಾಡಿಸಿ ಸುಮ್ಮನಾದಾಗ, ಎಲ್ಲ ಜಾಬ್ ಕಾರ್ಡುಗಳ (ಗಾಡಿ ಬಿಡುವಾಗ ಷೋರೂಮ್ ಬರೆಯುವ ಕೆಲಸದ ಚೀಟಿಗಳ) ಪ್ರತಿಯೊಂದಿಗೆ ಕಂಪನಿಗೇ ಇಮೇಲ್ ಬರೆದೆ. ಪ್ರತಿ ಜಾಬ್ ಕಾರ್ಡಿನಲ್ಲಿ ದೂರನ್ನು ನನ್ನ ಮಾತಿನಲ್ಲೇ ಬರೆಸಿ, ದೀಪ ಹೊತ್ತಿದಾಗಿನ ಕಿಲೋಮೀಟರ್ ನಮೂದಿಸಿದ ನಂತರವೇ ಸಹಿ ಹಾಕುತ್ತಿದ್ದದ್ದು ಈಗ ಕೈಹಿಡಿಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಅದಕ್ಕೆ 2 ವರ್ಷಗಳ ಗಡುವಿದೆ, ಹತ್ತರಿಂದ ಇಪ್ಪತ್ತು ಲಕ್ಷದೊಳಗಿನ ನನ್ನ ಗಾಡಿಗೆ ಶುಲ್ಕ 400 ರೂಪಾಯಿ ಎಂಬುದನ್ನೂ ಪತ್ರದಲ್ಲಿ ಬರೆದೆ. ಬೆದರಿಕೆಯ ಒಂದು ಪದವನ್ನೂ ಸೇರಿಸಲಿಲ್ಲ. ಆ ಪತ್ರದ ಪ್ರತಿ ಯಾರ ಮೇಜಿಗೆ ಹೋಗಬೇಕು, ಸ್ಕ್ಯಾನರ್ ಆ್ಯಪ್‌ನಲ್ಲಿ ಈ ಒತ್ತಡದ ಅಂಕಿ ಬರಿಸಲು ಏನು ತುಂಬಬೇಕು ಎಂಬ ಎರಡನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹತ್ತು ಹದಿನೈದು ದಿನಗಳಲ್ಲಿ ಕಂಪನಿಯ ತಾಂತ್ರಿಕ ಎಂಜಿನಿಯರ್ ಬಂದು, ನನ್ನ ಎದುರಿನಲ್ಲೇ ಅದೇ ಅಂಕಿಯನ್ನು ತಮ್ಮ ಉಪಕರಣದಲ್ಲಿ ನೋಡಿದರು. ಸೆನ್ಸರ್ ಮತ್ತು ಅದರ ಪೈಪುಗಳು ವಾರಂಟಿಯಲ್ಲಿ ಬದಲಾದವು, ಹೊಸ ಸೆನ್ಸರ್‌ಗೆ ಸೊನ್ನೆಯನ್ನು ಮತ್ತೆ ಕಲಿಸಲಾಯಿತು. ಈಗ ಮುನ್ನೂರೈವತ್ತು, ನಾನೂರು ಕಿಲೋಮೀಟರಿಗೊಮ್ಮೆ ರೀಜನ್ ಆಗುತ್ತಿದೆ, ಆಯಿಲ್ ಮಟ್ಟ ಏರಿಲ್ಲ, ಸುಮಾರು ಒಂಬತ್ತು ಸಾವಿರ ಕಿಲೋಮೀಟರ್ ದೀಪವಿಲ್ಲದೆ ಓಡಿದೆ. ಡಿಪಿಎಫ್ ತೆಗೆಸಿಬಿಡಿ ಎಂದಿದ್ದ ಅದೇ ಮೆಕ್ಯಾನಿಕ್ ಈಗ ತಮ್ಮಲ್ಲಿಗೆ ಬರುವ ಗಾಡಿಗಳ ಅಂಕಿ ನೋಡಲು ನನ್ನನ್ನು ಕರೆಯುತ್ತಾರೆ. ಆಯಿಲ್ ಬದಲಾವಣೆಯ ಹಣದಲ್ಲಿ ಅರ್ಧ ಮರಳಿ ಬಂದಿದೆ. ಉಳಿದ ಅರ್ಧಕ್ಕೆ ಬಿಲ್ಲುಗಳನ್ನು ಲಗತ್ತಿಸಿ ಮತ್ತೊಂದು ಪತ್ರ ಕಳುಹಿಸಿದ್ದೇನೆ.