ರಿವರ್ ಮುಚ್ಚಿಟ್ಟು ನೋಡಿದ ಹ್ಯಾಂಡ್

ಆನ್‌ಲೈನ್ ಪೋಕರ್ ಟೂರ್ನಮೆಂಟಿನಲ್ಲಿ ಹನ್ನೊಂದು ಜನ ಉಳಿದಿದ್ದೆವು. ನಮ್ಮ ಟೇಬಲ್‌ನಲ್ಲಿ ಆರು, ಪಕ್ಕದ್ದರಲ್ಲಿ ಐದು. ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ಬ್ಲೈಂಡ್ 10,000 (ಸ್ಮಾಲ್) ಮತ್ತು 20,000 (ಬಿಗ್), ಎಲ್ಲರೂ ಹಾಕುವ ಆಂಟಿ ತಲಾ 2,500. ಬಿಗ್ ಬ್ಲೈಂಡಿನಲ್ಲಿದ್ದ ನನ್ನ ಬಳಿ ಆಂಟಿ ಕಳೆದು 6 ಲಕ್ಷ ಚಿಪ್ಸ್ ಇತ್ತು. ಎಲೆ ನೋಡಿದರೆ ಎರಡು ಎಕ್ಕ. ಲೆಕ್ಕದ ಪ್ರಕಾರ 221 ಹ್ಯಾಂಡಿಗೊಮ್ಮೆ (ಹ್ಯಾಂಡ್ ಅಂದರೆ ಒಂದು ಸುತ್ತಿನ ಆಟ) ಬರುವ ಜೋಡಿ, ಬರಬೇಕಾದ ಹೊತ್ತಿಗೇ ಬಂದಿತ್ತು.

ಬಟನ್‌ಗಿಂತ (ಎಲೆ ಹಂಚುವವರ ಸ್ಥಾನ) ಒಂದು ಸೀಟು ಮೊದಲಿದ್ದವರು 44,000ಕ್ಕೆ ಏರಿಸಿದರು. ನಾನು 1,60,000 ಮಾಡಿದೆ. ಅವರು ತಮ್ಮ ಬಳಿಯಿದ್ದ 5,60,000ವನ್ನೂ ಒಳಗೆ ತಳ್ಳಿ ಆಲ್ ಇನ್ ಹೋದರು. ಕಾಲ್ ಮಾಡಿದೆ, ಅಂದರೆ ಅಷ್ಟನ್ನೇ ನಾನೂ ಹಾಕಿದೆ. ಅವರ ಬಳಿ ಎರಡು ರಾಜ. ಎಕ್ಕದ ಜೋಡಿಗೂ ರಾಜನ ಜೋಡಿಗೂ ಎದುರುಬದುರಾದಾಗ ಎಕ್ಕ ಗೆಲ್ಲುವುದು ನೂರಕ್ಕೆ ಸುಮಾರು 82. ಇಬ್ಬರಿಗೂ ಸೇರಿದ ಮೊದಲ ಮೂರು ಎಲೆ, ಅಂದರೆ ಫ್ಲಾಪ್‌ನಲ್ಲಿ 9, 4, 2 ಬಂದವು, ಮೂರೂ ಬೇರೆ ಬೇರೆ ಗುರುತಿನವು. ಈಗ 91. ನಾಲ್ಕನೆಯ ಎಲೆಯಾದ ಟರ್ನ್‌ನಲ್ಲಿ ಉಳಿದ ಗುರುತಿನ 7. ಕಾಣದೆ ಉಳಿದ 44 ಎಲೆಗಳಲ್ಲಿ ಅವರನ್ನು ಉಳಿಸುವುದು ಎರಡೇ ಎರಡು, ಅಂದರೆ ನೂರಕ್ಕೆ 4.5. ಕೊನೆಯ ಎಲೆಯಾದ ರಿವರ್‌ನಲ್ಲಿ ಕಲಾವರ್ ರಾಜ ಬಂದ.

ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಎಷ್ಟು ವರ್ಷ ಆಡಿದರೂ ಅದು ತಪ್ಪುವುದಿಲ್ಲ, ತಪ್ಪಬೇಕೆಂದು ನಾನು ಬಯಸುವುದೂ ಇಲ್ಲ. ಆಟವನ್ನು ಪ್ರೀತಿಸುವವರಿಗೆ ನೋವಾಗುತ್ತದೆ. ನನ್ನ ಕೆಲಸ ಶುರುವಾಗುವುದು ಅದರ ಮುಂದಿನ ಸೆಕೆಂಡಿನಿಂದ.

ಏಕೆಂದರೆ ನಾನಿನ್ನೂ ಹೊರಗೆ ಹೋಗಿರಲಿಲ್ಲ. 40,000 ಉಳಿದಿತ್ತು, ಎರಡು ಬಿಗ್ ಬ್ಲೈಂಡ್. 1982ರಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮೇನ್ ಈವೆಂಟ್ ಗೆದ್ದ ಜ್ಯಾಕ್ ಸ್ಟ್ರಾಸ್ ಒಂದು ಹಂತದಲ್ಲಿ ಒಂದೇ ಒಂದು ಚಿಪ್‌ಗೆ ಇಳಿದಿದ್ದರೆಂದು ಪೋಕರ್ ಆಡುವವರೆಲ್ಲ ಹೇಳಿಕೊಳ್ಳುತ್ತಾರೆ. ಚಿಪ್ ಒಂದಿದ್ದರೂ ಸೀಟು ನಮ್ಮದೇ. ಯೋಚಿಸಲು ಹೆಚ್ಚುವರಿ ಸಮಯ ಕೊಡುವ ಟೈಮ್ ಬ್ಯಾಂಕ್ ಒತ್ತಿದೆ. ಬ್ಯಾಡ್ ಬೀಟ್ (ಮುಂದಿದ್ದೂ ಹೀಗೆ ಸೋಲುವುದು) ಆದ ಮೇಲಿನ ಮೊದಲ ತೀರ್ಮಾನಕ್ಕೆ, ಅದು ಎಷ್ಟೇ ಸುಲಭದ್ದಾಗಿರಲಿ, ಟೈಮ್ ಬ್ಯಾಂಕ್ ಬಳಸುವುದು ನನ್ನ ನಿಯಮ. ಆ ಸೆಕೆಂಡುಗಳಲ್ಲಿ ಮೂರು ಪ್ರಶ್ನೆಗೆ ಉತ್ತರ ಬೇಕು: ನನ್ನ ಬಳಿ ಎಷ್ಟಿದೆ, ನನಗಿಂತ ಕಡಿಮೆ ಯಾರ ಬಳಿ ಇದೆ, ಮುಂದಿನ ಬಹುಮಾನದ ಹಂತಕ್ಕೆ ಎಷ್ಟು ಜನ ಹೋಗಬೇಕು. ಉತ್ತರ ಹುಡುಕುವಾಗ ಮನಸ್ಸು ತಾನಾಗಿ ಕಳೆದ ಹ್ಯಾಂಡನ್ನು ಬಿಟ್ಟು ಈ ಹ್ಯಾಂಡಿಗೆ ಬರುತ್ತದೆ.

ಮುಂದಿನ ಹ್ಯಾಂಡಿನಲ್ಲಿ ಸ್ಮಾಲ್ ಬ್ಲೈಂಡಿನಲ್ಲಿ 8-3 ಬಂತು. ನನಗಿಂತ ಮೊದಲೇ ಒಬ್ಬರು ಏರಿಸಿ, ಇನ್ನೊಬ್ಬರು ಆಲ್ ಇನ್ ಹೋಗಿದ್ದರು. ಸಿಟ್ಟಿನಲ್ಲಿದ್ದವರು ಇಂಥ ಕಡೆ ‘ಹೋಗಲಿ’ ಎಂದು ಉಳಿದದ್ದನ್ನೂ ಎಸೆದುಬಿಡುತ್ತಾರೆ. ಎಲೆ ಮಡಚಿ ಆ ಹ್ಯಾಂಡನ್ನು ಬಿಟ್ಟುಕೊಟ್ಟರೆ ಅವರಿಬ್ಬರಲ್ಲಿ ಒಬ್ಬರು ಹೊರಬೀಳಬಹುದು, ನಾನು ಕೂತಲ್ಲೇ ಒಂದು ಸ್ಥಾನ ಮೇಲೇರಬಹುದು. ಮಡಚಿದೆ. ಆಲ್ ಇನ್ ಹೋದವರೇ ಗೆದ್ದರು, ಯಾರೂ ಹೊರಗೆ ಹೋಗಲಿಲ್ಲ. ಅದರ ಮುಂದಿನದರಲ್ಲಿ ಬಟನ್ ಮೇಲೆ ರಾಜ-9 ಸಿಕ್ಕಿತು, ಉಳಿದದ್ದೆಲ್ಲ ಹಾಕಿದೆ, ಬಿಗ್ ಬ್ಲೈಂಡಿನಲ್ಲಿ ಹತ್ತರ ಜೋಡಿ ಇತ್ತು. ಹನ್ನೊಂದನೇ ಸ್ಥಾನ.

ಆಮೇಲೆ ಆ ದಿನ ಆಡಲಿಲ್ಲ. ಇದಕ್ಕೆ ಆ ಹೊತ್ತಿನಲ್ಲಿ ಸಂಕಲ್ಪಬಲವೇನೂ ಬೇಕಾಗಲಿಲ್ಲ. ಕೊನೆಯ ಎರಡು ಟೇಬಲ್‌ವರೆಗೆ ಬಂದರೆ ಆ ದಿನ ಹೊಸ ಟೂರ್ನಮೆಂಟಿಗೆ ಸೇರುವುದಿಲ್ಲ ಎಂದು ಮೊದಲೇ ಗೊತ್ತುಮಾಡಿಕೊಂಡಿರುತ್ತೇನೆ. ಟಿಲ್ಟ್ (ಸೋತ ಸಿಟ್ಟಿನಲ್ಲಿ ಹಿಡಿತ ತಪ್ಪುವುದು) ಬಂದ ಮೇಲೆ ಅದನ್ನು ತಡೆಯುವ ಶಕ್ತಿ ನಮ್ಮಲ್ಲಿ ಇರುವುದಿಲ್ಲ, ತಡೆಯುವ ಭಾಗವೇ ಆಗ ಸೋತಿರುತ್ತದೆ. ಆನ್‌ಲೈನ್‌ನಲ್ಲಿ ಈ ಅಪಾಯ ದೊಡ್ಡದು. ಎದುರಾಬದುರು ಕೂತು ಆಡುವ ಜಾಗದಲ್ಲಿ ಎದ್ದು, ನಡೆದು, ಮತ್ತೊಂದು ಮೇಜು ಹುಡುಕಬೇಕು. ಇಲ್ಲಿ ಒಂದು ಕ್ಲಿಕ್ ಸಾಕು.

ಹ್ಯಾಂಡ್ ಹಿಸ್ಟರಿ, ಅಂದರೆ ಆಡಿದ ಹ್ಯಾಂಡುಗಳ ದಾಖಲೆ, ಇಳಿಸಿಟ್ಟುಕೊಂಡೆ, ಅಂದು ತೆರೆಯಲಿಲ್ಲ. ಮಾರನೆಯ ದಿನ ತೆರೆದು ಮಾಡಿದ ಮೊದಲ ಕೆಲಸ ಕತ್ತರಿಸುವುದು. ಎಕ್ಕದ ಹ್ಯಾಂಡಿನಲ್ಲಿ ನನ್ನ ಕೊನೆಯ ತೀರ್ಮಾನ ಯಾವುದು? ಅವರ ಆಲ್ ಇನ್‌ಗೆ ನಾನು ಕಾಲ್ ಮಾಡಿದ್ದು. ಅಲ್ಲಿಂದ ಕೆಳಗಿನ ಸಾಲುಗಳನ್ನೆಲ್ಲ, ಅವರ ಎಲೆಗಳನ್ನೂ ಫ್ಲಾಪ್, ಟರ್ನ್, ರಿವರ್‌ಗಳನ್ನೂ ಅಳಿಸಿದೆ. ಉಳಿದದ್ದನ್ನು ನನ್ನ ಜೊತೆ ಅಭ್ಯಾಸ ಮಾಡುವ ಗೆಳೆಯನಿಗೆ ಕಳಿಸಿದೆ. ನಾವಿಬ್ಬರೂ ಹೀಗೇ ಕಳಿಸಿಕೊಳ್ಳುವುದು. ಗೆದ್ದೆಯೋ ಸೋತೆಯೋ ಎಂದು ಕೇಳುವ ಹಾಗಿಲ್ಲ. ಫಲಿತಾಂಶ ಗೊತ್ತಾದರೆ ಎಷ್ಟೇ ತಿಳಿದವರಿಗೂ ಕಣ್ಣು ಅದರ ಕಡೆಗೇ ವಾಲುತ್ತದೆ: ಸೋತ ಹ್ಯಾಂಡಿನಲ್ಲಿ ಇಲ್ಲದ ತಪ್ಪು ಕಾಣುತ್ತದೆ, ಗೆದ್ದದ್ದರಲ್ಲಿ ಇರುವ ತಪ್ಪು ಮರೆಯಾಗುತ್ತದೆ.

ಅವನ ಉತ್ತರ ಒಂದೇ ಸಾಲು: ‘ಇದ್ರಲ್ಲಿ ಕೇಳೋಕೆ ಏನಿದೆಯೋ? ಕಾಲ್.’

ಆದರೂ ಲೆಕ್ಕ ಹಾಕಿದೆವು. ಕಾಲ್ ಮಾಡಲು ನಾನು ಇನ್ನೂ 4 ಲಕ್ಷ ಹಾಕಬೇಕಿತ್ತು, ಹಾಕಿದ ಮೇಲೆ ಪಾಟ್ (ಆ ಹ್ಯಾಂಡಿಗೆ ಎಲ್ಲರೂ ಹಾಕಿದ ಒಟ್ಟು ಚಿಪ್ಸ್) 11,45,000. ಬರೀ ಚಿಪ್ಸ್ ಲೆಕ್ಕದಲ್ಲಿ ನೂರಕ್ಕೆ 35 ಗೆದ್ದರೆ ಸಾಕು. ಟೂರ್ನಮೆಂಟಿನಲ್ಲಿ ಕಳೆದುಕೊಳ್ಳುವ ಚಿಪ್‌ಗೆ ಗೆಲ್ಲುವ ಚಿಪ್‌ಗಿಂತ ಬೆಲೆ ಹೆಚ್ಚು, ಬಹುಮಾನದ ಹಂತಗಳು ಹತ್ತಿರವಿದ್ದಾಗ ಇನ್ನೂ ಹೆಚ್ಚು. ಐಸಿಎಂ ಎನ್ನುವ ಲೆಕ್ಕ ಇದನ್ನೇ ಅಳೆಯುವುದು. ಅದನ್ನು ಸೇರಿಸಿದರೆ 35ರ ಗೆರೆ ಸಾಕಷ್ಟು ಮೇಲೇರುತ್ತದೆ, ಆದರೆ ಎಕ್ಕದ ಜೋಡಿಯನ್ನು ಮಡಚುವಷ್ಟು ಏರುವುದಿಲ್ಲ. ಅವರು ರಾಜನ ಜೋಡಿಯಲ್ಲಿ ಆಲ್ ಇನ್ ಹೋದದ್ದೂ ಸರಿಯೇ. ಇಬ್ಬರೂ ಸರಿಯಾಗಿ ಆಡಿದ ಹ್ಯಾಂಡಿನಲ್ಲಿ ಒಬ್ಬರು ಸೋಲಲೇಬೇಕು.

ಇಂಥದ್ದು ಎಲ್ಲಿ ಬೇಕಾದರೂ ಆಗುತ್ತದೆ ಎನ್ನುವುದಕ್ಕೆ ನನಗೆ ನೆನಪಾಗುವುದು 2010ರ ಮೇನ್ ಈವೆಂಟಿನ ಒಂದು ಹ್ಯಾಂಡ್. ಮ್ಯಾಟ್ ಆಫ್ಲೆಕ್ ಬಳಿ ಎಕ್ಕದ ಜೋಡಿ, ಜೊನಾಥನ್ ಡುಹಾಮೆಲ್ ಬಳಿ ಗುಲಾಮನ ಜೋಡಿ. ಫ್ಲಾಪ್ 10, 9, 7; ಟರ್ನ್ ರಾಣಿ. ಆಫ್ಲೆಕ್ ಎಲ್ಲವನ್ನೂ ಹಾಕಿದರು, ಡುಹಾಮೆಲ್ ಬಹಳ ಯೋಚಿಸಿ ಕಾಲ್ ಮಾಡಿದರು. 44 ಎಲೆಗಳಲ್ಲಿ ಡುಹಾಮೆಲ್‌ಗೆ ಬೇಕಾದವು ಹತ್ತು: ನಾಲ್ಕು ಎಂಟು, ನಾಲ್ಕು ರಾಜ, ಎರಡು ಗುಲಾಮ. ಬಂದದ್ದು ಎಂಟು. ಆಫ್ಲೆಕ್ 15ನೇ ಸ್ಥಾನಕ್ಕೆ ಹೊರಬಿದ್ದರು, ಡುಹಾಮೆಲ್ ಆ ವರ್ಷದ ಚಾಂಪಿಯನ್ ಆದರು. ಸೋತು ಹೊರನಡೆದವರ ಮುಖ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹಾಗೆಂದು ಟರ್ನ್‌ನಲ್ಲಿ ಅವರು ಮಾಡಿದ್ದರಲ್ಲಿ ಕೊಂಕು ಹುಡುಕಲು ನನ್ನಿಂದ ಆಗಿಲ್ಲ.

ಆನ್‌ಲೈನ್‌ನಲ್ಲಿ ಸೋತಾಗ ‘ಎಲೆ ಕಲೆಸುವುದರಲ್ಲೇ ಮೋಸ’ ಎಂಬ ಅನುಮಾನ ಸುಲಭವಾಗಿ ಬರುತ್ತದೆ. ಹಿಂದೊಮ್ಮೆ ಅದಕ್ಕೆ ಕಾರಣವೂ ಇತ್ತು. 1999ರಲ್ಲಿ ಕೆಲವು ಭದ್ರತಾ ತಜ್ಞರು ಆಗ ಬಳಕೆಯಲ್ಲಿದ್ದ ಒಂದು ಸಾಫ್ಟ್‌ವೇರ್‌ನ ಕಲೆಸುವ ಕ್ರಮವನ್ನು ಪರಿಶೀಲಿಸಿ, ಅದು ಗಡಿಯಾರದ ಮಿಲಿಸೆಕೆಂಡ್ ಲೆಕ್ಕವನ್ನು ಆಧರಿಸಿದ್ದರಿಂದ ದಿನಕ್ಕೆ ಸಾಧ್ಯವಿದ್ದದ್ದು 8.64 ಕೋಟಿ ಜೋಡಣೆ ಮಾತ್ರ ಎಂದು ತೋರಿಸಿದರು. ಐದು ಎಲೆ ಕಂಡರೆ ಉಳಿದವನ್ನೆಲ್ಲ ಊಹಿಸಬಹುದಿತ್ತು. ನಿಜಕ್ಕೂ 52 ಎಲೆಗಳನ್ನು ಜೋಡಿಸಬಹುದಾದ ಬಗೆಗಳೆಷ್ಟೆಂದರೆ 8ರ ಮುಂದೆ 67 ಸೊನ್ನೆ ಇಟ್ಟಷ್ಟು. ಹಾಗಾಗಿ ಪ್ರಶ್ನೆ ಕೇಳುವುದು ತಪ್ಪಲ್ಲ. ಆದರೆ ಒಂದು ರಿವರ್ ಎಲೆ ಯಾವುದಕ್ಕೂ ಸಾಕ್ಷಿಯಾಗದು, ಸಾವಿರಾರು ಹ್ಯಾಂಡಿನ ದಾಖಲೆ ಬೇಕು. ಎದುರಾಬದುರು ಆಡುವಾಗ ಗಂಟೆಗೆ 25–30 ಹ್ಯಾಂಡ್ ನೋಡಿದರೆ ಆನ್‌ಲೈನ್‌ನಲ್ಲಿ ಅದರ ದುಪ್ಪಟ್ಟಿಗೂ ಹೆಚ್ಚು ನೋಡುತ್ತೇವೆ. ಅಪರೂಪದ್ದು ಅಷ್ಟೇ ಬೇಗ ಬೇಗ ಕಣ್ಣಿಗೆ ಬೀಳುತ್ತದೆ.

ನನ್ನ ದಾಖಲೆಯಲ್ಲಿ ಎರಡು ಪಟ್ಟಿ ಇರುತ್ತವೆ. ಮುಂದಿದ್ದು ಸೋತ ಆಲ್ ಇನ್‌ಗಳದ್ದು ಒಂದು, ಹಿಂದಿದ್ದು ಗೆದ್ದವುಗಳದ್ದು ಇನ್ನೊಂದು. ಎರಡನೆಯದನ್ನು ಬರೆಯಲು ಕೈ ಬರುವುದಿಲ್ಲ, ಆದ್ದರಿಂದಲೇ ಅದನ್ನು ಮೊದಲು ಬರೆಯುತ್ತೇನೆ. ಇದೇ ಟೂರ್ನಮೆಂಟಿನ ನಡುವೆ ಹತ್ತು ಬ್ಲೈಂಡ್ ಉಳಿದಿದ್ದಾಗ ಎಕ್ಕ-ಗುಲಾಮದಲ್ಲಿ ಆಲ್ ಇನ್ ಹೋಗಿ, ಎಕ್ಕ-ರಾಣಿಯ ಎದುರು ಸಿಕ್ಕಿಬಿದ್ದಿದ್ದೆ. ನಾಲ್ಕಕ್ಕೆ ಒಂದರಷ್ಟು ಅವಕಾಶ. ಟರ್ನ್‌ನಲ್ಲಿ ಗುಲಾಮ ಬಂದು ಉಳಿದೆ. ಆ ಗುಲಾಮ ಬರದಿದ್ದರೆ ಎರಡು ಎಕ್ಕ ಬರುವ ಹೊತ್ತಿಗೆ ನಾನು ಆ ಮೇಜಿನಲ್ಲೇ ಇರುತ್ತಿರಲಿಲ್ಲ. ಅತ್ತ ಕಡೆ ಕೂತಿದ್ದವರೂ ಅಂದು ತಮ್ಮ ಗೆಳೆಯರಿಗೆ ಹ್ಯಾಂಡ್ ಕಳಿಸಿರುತ್ತಾರೆ.

ಇನ್ನೊಂದು ಲೆಕ್ಕ ನನ್ನನ್ನು ನೆಲಕ್ಕಿಳಿಸುತ್ತದೆ. ಗೆಲ್ಲುವ ಸಂಭವ ನೂರಕ್ಕೆ 82 ಇರುವ ಆಲ್ ಇನ್‌ಗಳನ್ನು ಸಾಲಾಗಿ ಐದು ಗೆಲ್ಲುವ ಸಂಭವ 37 ಮಾತ್ರ. ದೊಡ್ಡ ಟೂರ್ನಮೆಂಟ್ ಮುಗಿಸಲು ಅಂಥವು ಐದಕ್ಕೂ ಹೆಚ್ಚು ಎದುರಾಗಬಹುದು. ಮಧ್ಯೆ ಎಲ್ಲೋ ಒಂದು ಮುರಿಯುವುದೇ ಸಾಮಾನ್ಯ. ಹಾಗಾಗಿ ನೂರು ಟೂರ್ನಮೆಂಟಿನ ಪ್ರವೇಶ ಶುಲ್ಕ ಕೈಲಿಲ್ಲದೆ ನಾನು ಆ ಮಟ್ಟದಲ್ಲಿ ಆಡುವುದಿಲ್ಲ, ಮನೆ ನಡೆಸುವ ದುಡ್ಡನ್ನಂತೂ ಮುಟ್ಟುವುದಿಲ್ಲ.

ಎಕ್ಕದ ಹ್ಯಾಂಡ್ ಹತ್ತು ನಿಮಿಷದಲ್ಲಿ ಮುಗಿಯಿತು. ಗೆಳೆಯನೂ ನಾನೂ ಉಳಿದ ಹೊತ್ತನ್ನು ಅದಕ್ಕೆ ಅರ್ಧ ಗಂಟೆ ಮೊದಲಿನ, ಯಾರೂ ನೆನಪಿಟ್ಟುಕೊಳ್ಳದ ಒಂದು ಹ್ಯಾಂಡಿನ ಮೇಲೆ ಕಳೆದೆವು: ಬಟನ್‌ನಲ್ಲಿದ್ದವರು ಸ್ವಲ್ಪ ಏರಿಸಿದ್ದಕ್ಕೆ ಬಿಗ್ ಬ್ಲೈಂಡಿನಲ್ಲಿ ರಾಣಿ-9 ಇಟ್ಟುಕೊಂಡು ಕಾಲ್ ಮಾಡಬೇಕೋ, ಮತ್ತೆ ಏರಿಸಬೇಕೋ. ಅವನು ಏರಿಸು ಅನ್ನುತ್ತಾನೆ. ನನಗಿನ್ನೂ ಒಪ್ಪಿಗೆಯಾಗಿಲ್ಲ.