ಓವನ್ ಟ್ರಿಪ್ ಆಯಿತೆಂದು ಎಲಿಮೆಂಟ್ ಬಿಸಾಡಬೇಡಿ

ಕಕ್ಕಡ ತಿಂಗಳ ಮಳೆ ಮುಗಿದು ಮಡಿಕೇರಿ ದಸರೆ ಹತ್ತಿರವಾಗುವಾಗ ಬೇಕರಿಗಳಿಂದ, ಹೋಂಸ್ಟೇಗಳಿಂದ ನನಗೆ ಬರುವ ಫೋನ್ ಹೆಚ್ಚುಕಡಿಮೆ ಒಂದೇ: "ಎರಡು ತಿಂಗಳು ಓವನ್ ಬಂದ್ ಇತ್ತು ಅಣ್ಣ, ಈಗ ಸ್ವಿಚ್ ಹಾಕಿದ ಕೂಡಲೇ ಇಎಲ್‌ಸಿಬಿ ಬೀಳ್ತದೆ. ಹೀಟರ್ ಹೋಗಿರಬೇಕು, ಹೊಸದು ತನ್ನಿ." ಇಎಲ್‌ಸಿಬಿ ಎಂದರೆ ಕರೆಂಟ್ ಸೋರಿದರೆ ತಾನೇ ಬೀಳುವ ಸುರಕ್ಷತಾ ಸ್ವಿಚ್. ಬಹುಪಾಲು ಸಲ ಹೀಟರ್ ಹೋಗಿರುವುದಿಲ್ಲ, ನೀರು ಕುಡಿದಿರುತ್ತದೆ.

ಈ ಹೀಟರ್, ಅಂದರೆ ಎಲಿಮೆಂಟ್, ಒಂದು ಲೋಹದ ಕೊಳವೆ, ಒಳಗೆ ಕಾಯುವ ನಿಕ್ರೋಮ್ ತಂತಿ, ಎರಡರ ನಡುವೆ ಒತ್ತಿ ತುಂಬಿದ ಮೆಗ್ನೀಸಿಯಂ ಆಕ್ಸೈಡ್ ಪುಡಿ. ಒಣಗಿದ್ದಾಗ ಈ ಪುಡಿ ಕರೆಂಟನ್ನು ಗಟ್ಟಿಯಾಗಿ ತಡೆಯುತ್ತದೆ. ಆದರೆ ತುದಿಯ ಸೀಲ್ ಬಿರುಕು ಬಿಟ್ಟಿದ್ದರೆ ಮಳೆಗಾಲದ ಗಾಳಿಯಿಂದ ಉಪ್ಪಿನ ಹಾಗೆ ತೇವ ಎಳೆದುಕೊಳ್ಳುತ್ತದೆ. ಆಗ ಕರೆಂಟ್ ಓವನ್ನಿನ ಲೋಹದ ಮೈಗೆ ಸೋರುತ್ತದೆ, 30 ಮಿಲಿಆಂಪಿಯರ್‌ನ ಇಎಲ್‌ಸಿಬಿ ಬೀಳುತ್ತದೆ. ಅದನ್ನು ಬೈಪಾಸ್ ಮಾಡಿ ಓವನ್ ನಡೆಸಿದವರನ್ನೂ ಕಂಡಿದ್ದೇನೆ. ಒದ್ದೆ ನೆಲದಲ್ಲಿ ನಿಂತು ಟ್ರೇ ಎಳೆಯುವ ಹುಡುಗನ ಜೀವ ಅಲ್ಲಿ ಪಣಕ್ಕಿರುತ್ತದೆ.

ಪ್ಯಾನೆಲ್ ಬಿಚ್ಚುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ದು. ಬಂದವರು ಸರಿಯಾದ ದಾರಿಯಲ್ಲಿ ಹುಡುಕುತ್ತಿದ್ದಾರೆಯೇ ಎಂದು ತಿಳಿಯಲು ಮಾಲೀಕರೂ ಇದನ್ನು ಓದಬಹುದು.

ಮೊದಲು ಲೈನ್ ನೋಡಿ, ಓವನ್ ಆಮೇಲೆ. ಮರ ಬಿದ್ದು ಒಂದು ಫೇಸ್ ಹೋಗುವುದು ನಮ್ಮಲ್ಲಿ ಹೊಸತಲ್ಲ. ಮಲ್ಟಿಮೀಟರ್‌ನಲ್ಲಿ ಫೇಸ್‌ನಿಂದ ಫೇಸ್‌ಗೆ ಸುಮಾರು 415, ಫೇಸ್‌ನಿಂದ ನ್ಯೂಟ್ರಲ್‌ಗೆ ಸುಮಾರು 230 ವೋಲ್ಟ್ ಬರಬೇಕು. ಟೆಸ್ಟರ್ ದೀಪವನ್ನು ನಂಬಬೇಡಿ, ಸತ್ತ ಫೇಸ್‌ನಲ್ಲೂ ಅದು ಮಿಣುಕಬಹುದು. ವೋಲ್ಟೇಜ್ ಇಳಿದರೆ ಶಾಖ ಅದಕ್ಕಿಂತ ಜೋರಾಗಿ ಇಳಿಯುತ್ತದೆ: 180 ವೋಲ್ಟಿನಲ್ಲಿ 2 ಕಿಲೋವ್ಯಾಟ್‌ನ ಎಲಿಮೆಂಟ್ ಕೊಡುವುದು ಹತ್ತಿರಹತ್ತಿರ 1.2 ಕಿಲೋವ್ಯಾಟ್ ಮಾತ್ರ. "ಬ್ರೆಡ್ ಬೇಯ್ತಿಲ್ಲ" ಎಂಬ ದೂರಿಗೆ ಮೂರು ಎಲಿಮೆಂಟ್ ಬದಲಿಸಿದ ಮೇಲೂ ಬ್ರೆಡ್ ಬೇಯದ ಒಂದು ಬೇಕರಿ ನೋಡಿದ್ದೇನೆ. ಕೆಟ್ಟಿದ್ದದ್ದು ಕಂಬದ ಮೇಲಿನ ಜಾಯಿಂಟ್.

ಲೈನ್ ಸರಿಯಿದ್ದರೆ ಮೈನ್ ಇಳಿಸಿ, ಕರೆಂಟ್ ಇಲ್ಲವೆಂದು ಮೀಟರ್‌ನಿಂದಲೇ ಖಚಿತಪಡಿಸಿಕೊಂಡು, ಪ್ರತಿ ಎಲಿಮೆಂಟಿನ ಎರಡೂ ವೈರ್ ಬಿಚ್ಚಿ. ಬಿಚ್ಚದೆ ಅಳೆದರೆ ಯಾವುದು ಸೋರುತ್ತಿದೆ ಎಂದು ತಿಳಿಯದು; ಜೊತೆಗೆ ಸೋರಿಕೆ ಪರೀಕ್ಷಿಸುವ ಮೀಟರ್ ಆದ ಮೆಗ್ಗರ್‌ನ 500 ವೋಲ್ಟ್ ಡಿಜಿಟಲ್ ಕಂಟ್ರೋಲರ್‌ಗೆ ಹೋದರೆ ಅದೂ ಸುಟ್ಟುಹೋಗಬಹುದು. ಎಲಿಮೆಂಟಿನ ತುದಿಯಿಂದ ಅದರ ಲೋಹದ ಮೈಗೆ ಮೆಗ್ಗರ್ ಹಾಕಿ. 1 ಮೆಗಾಓಮ್‌ಗಿಂತ ಕಡಿಮೆ ಬಂದದ್ದನ್ನು ಪಕ್ಕಕ್ಕಿಡಿ. ಆಮೇಲೆ ಎರಡು ತುದಿಗಳ ನಡುವಿನ ಓಮ್ ಅಳೆಯಿರಿ: 230ನ್ನು 230ರಿಂದ ಗುಣಿಸಿ, ಎಲಿಮೆಂಟಿನ ಮೇಲೆ ಬರೆದ ವ್ಯಾಟ್‌ನಿಂದ ಭಾಗಿಸಿದರೆ ಬರಬೇಕಾದ ಲೆಕ್ಕ ಸಿಗುತ್ತದೆ. 1500 ವ್ಯಾಟ್‌ಗೆ 35, 2000 ವ್ಯಾಟ್‌ಗೆ 26 ಓಮ್ ಆಸುಪಾಸು. ಮೀಟರ್ ಏನೂ ತೋರಿಸದಿದ್ದರೆ ಒಳಗಿನ ತಂತಿ ಕಡಿದಿದೆ; ಅದನ್ನು ಬಿಸಾಡಿ.

ಓಮ್ ಸರಿಯಿದ್ದು ಮೆಗ್ಗರ್ ಮಾತ್ರ ಕಡಿಮೆ ತೋರಿಸಿದರೆ ಅದು ತೇವವೇ ಇರಬಹುದು, ಒಣಗಿಸಿ ನೋಡಿ. ಕಳಚಿ, ಕೆಲಸ ಮಾಡುವ ಇನ್ನೊಂದು ಓವನ್ನಿನಲ್ಲಿ 120ರಿಂದ 150 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು, ಆರಿದ ಮೇಲೆ ಮತ್ತೆ ಮೆಗ್ಗರ್ ಹಾಕಿ. ಅಂಕಿ 1 ಮೆಗಾಓಮ್ ದಾಟಿದ್ದರೆ ಬಿಸಿ ತಡೆಯುವ ಸಿಲಿಕೋನ್‌ನಿಂದ ತುದಿ ಮುಚ್ಚಿ ಜೋಡಿಸಿ. ದಾಟದಿದ್ದರೆ ಕೊಳವೆಯೇ ಒಡೆದಿರಬಹುದು, ಅದನ್ನೂ ಬದಲಿಸಿ.

ಸೋರಿಕೆ ಇಲ್ಲದೆಯೂ ಒಂದು ಬದಿ ಹಸಿ, ಇನ್ನೊಂದು ಬದಿ ಕರಕಲಾದರೆ ವೈರನ್ನು ಸುತ್ತ ಹಿಡಿದು ಆಂಪಿಯರ್ ಅಳೆಯುವ ಕ್ಲ್ಯಾಂಪ್ ಮೀಟರ್ ಕೈಗೆತ್ತಿಕೊಳ್ಳಿ. ಪ್ರತಿ ಫೇಸ್‌ಗೆ ಎರಡು ಎಲಿಮೆಂಟ್ ಸೇರಿ 3 ಕಿಲೋವ್ಯಾಟ್ ಇದ್ದರೆ 13 ಆಂಪಿಯರ್ ಹರಿಯಬೇಕು. ಒಂದರಲ್ಲಿ ಅರ್ಧ ಬಂದರೆ ಆ ಫೇಸ್‌ನ ಎರಡರಲ್ಲಿ ಒಂದು ಎಲಿಮೆಂಟ್ ಕೆಲಸ ನಿಲ್ಲಿಸಿದೆ, ಇಲ್ಲವೇ ಅದರ ಸ್ಕ್ರೂ ಸಡಿಲ. ವೈರ್ ತುದಿಯ ಲೋಹದ ಲಗ್ ಕಪ್ಪಾಗಿದ್ದರೆ ಕತ್ತರಿಸಿ ಹೊಸದು ಒತ್ತಿ. ಅಲ್ಲಿಗೆ ಮನೆ ವೈರಿಂಗ್‌ನ ಪಿವಿಸಿ ವೈರ್ ಬೇಡ, ಫೈಬರ್‌ಗ್ಲಾಸ್ ಹೊದಿಕೆಯದೇ ಬೇಕು.

ಬಿಸಿ ನಿಲ್ಲದೆ ಏರುತ್ತಲೇ ಇದ್ದರೆ ಕಂಟ್ರೋಲರ್‌ನಲ್ಲಿ ಇಟ್ಟ ಡಿಗ್ರಿಯನ್ನು ಪೂರ್ತಿ ಇಳಿಸಿ. ಹೀಟಿಂಗ್ ದೀಪ ಆರಿದರೂ ಕರೆಂಟ್ ಹರಿಯುತ್ತಿದ್ದರೆ, ಎಲಿಮೆಂಟಿಗೆ ಕರೆಂಟ್ ಕೊಟ್ಟು ಕಡಿಯುವ ಸ್ವಿಚ್ ಆದ ಕಾಂಟ್ಯಾಕ್ಟರ್‌ನ ಪಾಯಿಂಟ್ ಅಂಟಿಕೊಂಡಿದೆ, ಅಥವಾ ಅದೇ ಕೆಲಸ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್ ಎಸ್‌ಎಸ್‌ಆರ್ ಶಾರ್ಟ್ ಆಗಿದೆ. ಓವನ್ ಕಾಯುತ್ತಿದ್ದರೂ ಅಂಕಿ ಕೆಳಗಿಳಿಯುತ್ತಿದ್ದರೆ ಯಾರೋ ರಿಪೇರಿಯಲ್ಲಿ ಬಿಸಿ ಅಳೆಯುವ ಥರ್ಮೋಕಪಲ್‌ನ ಎರಡು ವೈರ್ ಅದಲುಬದಲು ಮಾಡಿದ್ದಾರೆ. ಕಾಂಟ್ಯಾಕ್ಟರ್ ಕಟಕಟ ಎಂದರೆ ಮೈನ್ ಇಳಿಸಿ ಬಿಚ್ಚಿ ನೋಡಿ. ನಮ್ಮ ಕಡೆ ಮಳೆಗಾಲದಲ್ಲಿ ಇರುವೆಗಳಿಗೆ ಅದು ಒಳ್ಳೆಯ ಬೆಚ್ಚನೆ ಮನೆ.

ಮುಂದಿನ ಜೂನ್‌ನಲ್ಲಿ ಓವನ್ ಮುಚ್ಚಿಡಬೇಕಾದರೆ ವಾರಕ್ಕೊಮ್ಮೆ ಒಂದು ಗಂಟೆ ಕಾಯಿಸಿ. ಬಟ್ಟೆ ಬೂಸ್ಟು ಹಿಡಿಯದಂತೆ ಬೀರುವಿನಲ್ಲಿ ಬಲ್ಬ್ ಉರಿಸುವ ಮನೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.