ಹೊಸ ಲೇಔಟ್‌ನಲ್ಲಿ ನೀರು, ಯುಜಿಡಿ (ಒಳಚರಂಡಿ) ಪೈಪಿನ ಖರ್ಚು ಯಾರದ್ದು? ಸೈಟ್ ಕೊಳ್ಳುವ ಮುನ್ನ ನೋಡಬೇಕಾದ್ದು

"ಕಾವೇರಿ ಬರುತ್ತೆ, ಯುಜಿಡಿ ಆಗಿದೆ" ಎಂದು ಸೈಟ್ ತೋರಿಸುವವರು ಹೇಳಿದರೆ, ಯಾವ ಪೈಪಿನ ಮಾತು ಎಂದು ಮೊದಲು ಕೇಳಿ. ಲೇಔಟ್‌ನ ಒಳರಸ್ತೆಗಳಲ್ಲಿ ಹೂತದ್ದು ಒಂದು. ಗೇಟಿನಿಂದ ಊರಿನ ಮುಖ್ಯ ಕೊಳವೆಯವರೆಗಿನದು ಇನ್ನೊಂದು. ರಸ್ತೆಯಿಂದ ನಿಮ್ಮ ಮನೆಯ ಸಂಪ್‌ಗೆ ಬರುವುದು ಮೂರನೆಯದು. ಮೂರರ ಖರ್ಚೂ ಒಬ್ಬರದ್ದಲ್ಲ.

ಒಳಗಿನ ಪೈಪು ಪೂರ್ತಿ ಡೆವಲಪರ್ ಖರ್ಚು. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ವ್ಯಾಪ್ತಿಯಲ್ಲಿ 1976ರ ಬಿಡಿಎ ಕಾಯ್ದೆಯ 32ನೇ ಕಲಂ ಪ್ರಕಾರ ರಸ್ತೆ, ಚರಂಡಿ, ಒಳಚರಂಡಿ, ನೀರು, ಬೀದಿದೀಪದ ವೆಚ್ಚವನ್ನು ಡೆವಲಪರ್‌ನಿಂದ ಠೇವಣಿ ಇಡಿಸಿಕೊಳ್ಳಬಹುದು. ಉಳಿದ ಊರುಗಳಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಂ ಅಡಿ ಯೋಜನಾ ಪ್ರಾಧಿಕಾರ ನಕ್ಷೆಗೆ ಒಪ್ಪಿಗೆ ಕೊಡುತ್ತದೆ. ಈ ಖರ್ಚು ಸೈಟಿನ ದರದಲ್ಲೇ ಸೇರಿರುತ್ತದೆ. ಆಮೇಲೆ "ಡೆವಲಪ್‌ಮೆಂಟ್ ಚಾರ್ಜ್" ಎಂದು ಬೇರೆ ಕೇಳಿದರೆ ಯಾವ ಕೆಲಸಕ್ಕೆ ಎಂಬ ವಿವರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಜಗಳವೆಲ್ಲ ಹುಟ್ಟುವುದು ಎರಡನೆಯ ಪೈಪಿನಲ್ಲಿ. ನಗರಕ್ಕೆ ಹೆಚ್ಚುವರಿ ನೀರು ತರುವ ಯೋಜನೆಗಳ ಪಾಲನ್ನು ಬಿಡಿಎ 32(5ಎ) ಅಡಿ ಡೆವಲಪರ್‌ನಿಂದ ವಸೂಲಿ ಮಾಡಬಹುದು. ಸುಪ್ರೀಂ ಕೋರ್ಟ್ 2012ರಲ್ಲಿ ಈ ಅಧಿಕಾರವನ್ನು ಎತ್ತಿಹಿಡಿದಿದೆ. ಆದರೆ ಆ ಹಣ ಇಡೀ ನಗರದ ಯೋಜನೆಗೆ ಹೋಗುತ್ತದೆ. ಕಟ್ಟಿದ ಮಾತ್ರಕ್ಕೆ ಪೈಪು ನಿಮ್ಮ ಗೇಟಿಗೆ ಬರುವುದಿಲ್ಲ. "ಕಾವೇರಿ ದುಡ್ಡು ಕಟ್ಟಿದ್ದೇವೆ" ಎಂದು ರಸೀದಿ ತೋರಿಸಿದರೆ, ಮುಖ್ಯ ಕೊಳವೆ ಗೇಟಿನಿಂದ ಎಷ್ಟು ಮೀಟರ್ ದೂರ, ನಡುವಿನ ಪೈಪು ಯಾರ ಅಂದಾಜುಪಟ್ಟಿಯಲ್ಲಿದೆ ಎಂದು ಕೇಳಿ. ಯಾರ ಪಟ್ಟಿಯಲ್ಲೂ ಇಲ್ಲದಿದ್ದರೆ ಕೊನೆಗೆ ನಿವಾಸಿಗಳೇ ಚಂದಾ ಎತ್ತಬೇಕಾಗುತ್ತದೆ. ಟ್ಯಾಂಕರ್ ಖರ್ಚು ಬೇರೆ.

ಮೂರನೆಯದು ನಿಮ್ಮದೇ: ಸಂಪರ್ಕ ಶುಲ್ಕ, ಮೀಟರ್, ರಸ್ತೆ ಅಗೆತದ ಶುಲ್ಕ, ಪ್ಲಂಬರ್ ಕೂಲಿ. ಬೆಂಗಳೂರಿನಲ್ಲಿ ಜಲಮಂಡಳಿ ಕಟ್ಟಡದ ವಿಸ್ತೀರ್ಣ ನೋಡಿ ಪ್ರೊ-ರೇಟಾ ಶುಲ್ಕವನ್ನೂ ಹಾಕುತ್ತದೆ.

ಇನ್ನು ಲೆಕ್ಕ. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬುದು ರೂಢಿಯ ಮಾನದಂಡ. 100 ಸೈಟು, ಮನೆಗೆ 5 ಜನ ಎಂದರೆ ದಿನಕ್ಕೆ 67,500 ಲೀಟರ್. ಅದರಲ್ಲಿ ಶೇ. 80, ಅಂದರೆ 54,000 ಲೀಟರ್, ಕೊಳಚೆಯಾಗಿ ಹೊರಬರುತ್ತದೆ. ಡೆವಲಪರ್ ತೋರಿಸುವ ಟ್ಯಾಂಕ್, ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ಸಾಮರ್ಥ್ಯವನ್ನು ಇದಕ್ಕೆ ಹೋಲಿಸಿ. ಸೈಟೊಂದಕ್ಕೆ ಮೂರು ಅಂತಸ್ತು ಎದ್ದು ಬಾಡಿಗೆಯವರು ಬಂದರೆ ಈ ಲೆಕ್ಕವೂ ಸಾಲದು.

ಜಾಗಕ್ಕೆ ಹೋದಾಗ ಲೇಔಟ್‌ನ ತಗ್ಗಿನ ತುದಿಯ ಕೊನೆಯ ಮ್ಯಾನ್‌ಹೋಲ್ ಮುಚ್ಚಳ ತೆಗೆಸಿ ನೋಡಿ. ಒಳಗೆ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಟಾರ್ಚು, ಅಳತೆಕೋಲು ಸಾಕು. ಹರಿವು ಕಡಿಮೆಯಿರುವ ಸಣ್ಣ ಪೈಪಿಗೆ ಸಾವಿರ ಮೀಟರಿಗೆ ಸುಮಾರು 6 ಮೀಟರ್ ಇಳಿಜಾರು ಬೇಕು. ಸಮತಟ್ಟು ನೆಲದಲ್ಲಿ 1 ಮೀಟರ್ ಆಳದಲ್ಲಿ ಶುರುವಾದ ಪೈಪು 300 ಮೀಟರ್ ಸಾಗುವಷ್ಟರಲ್ಲಿ 2.8 ಮೀಟರ್ ಆಳಕ್ಕೆ ಇಳಿದಿರುತ್ತದೆ. ಹೊರಗಿನ ಯುಜಿಡಿ ಇದಕ್ಕಿಂತ ಮೇಲಿದ್ದರೆ ಕೊಳಚೆ ತಾನಾಗಿ ಹರಿಯದು, ಪಂಪ್ ಮಾಡಬೇಕು. ಆ ಪಂಪಿನ ಕರೆಂಟು ಬಿಲ್ಲು, ರಿಪೇರಿ ನಿವಾಸಿಗಳ ತಲೆಗೆ ಬರುತ್ತದೆ, ವರ್ಷ ವರ್ಷವೂ. ಕೊನೆಯ ಮ್ಯಾನ್‌ಹೋಲ್‌ನಿಂದ ಪೈಪು ಮಳೆನೀರಿನ ಚರಂಡಿಗೋ ರಾಜಕಾಲುವೆಗೋ ಹೋಗಿದ್ದರೆ ಆ ಲೇಔಟ್‌ಗೆ ಯುಜಿಡಿ ಇಲ್ಲವೆಂದೇ ತಿಳಿಯಿರಿ. ನೀರಿನ ಪೈಪು ಯುಜಿಡಿಯಿಂದ 3 ಮೀಟರ್ ದೂರದಲ್ಲಿರಬೇಕು. ಅಡ್ಡ ಹಾಯುವಲ್ಲಿ ಅರ್ಧ ಮೀಟರ್ ಮೇಲಿರಬೇಕು. ಒಂದೇ ಕಾಲುವೆ ತೋಡಿ ಎರಡನ್ನೂ ಹೂತರೆ ಡೆವಲಪರ್‌ಗೆ ದುಡ್ಡು ಉಳಿಯುತ್ತದೆ, ಆದರೆ ಜಾಯಿಂಟ್ ಬಿಟ್ಟ ದಿನ ನಲ್ಲಿಯಲ್ಲಿ ಕೊಳಚೆ ಬರುತ್ತದೆ.

ಎಲ್ಲಕ್ಕಿಂತ ಮುಖ್ಯ, ಹಸ್ತಾಂತರದ ಕಾಗದ. ರಸ್ತೆ, ಪೈಪು, ಪಾರ್ಕು ಸ್ಥಳೀಯ ಸಂಸ್ಥೆಗೆ ಸೇರಿದ ಪತ್ರ ಇಲ್ಲದಿದ್ದರೆ ಪೈಪು ಒಡೆದಾಗ "ಅದು ಖಾಸಗಿ ಲೇಔಟ್" ಎಂಬ ಉತ್ತರ ಸಿಗುತ್ತದೆ. ನೀರು, ಒಳಚರಂಡಿ ಸಂಸ್ಥೆ ಒಪ್ಪಿದ ಅಂದಾಜುಪಟ್ಟಿ, ಕೆಲಸ ಮುಗಿದ ಪ್ರಮಾಣಪತ್ರ, ಹಸ್ತಾಂತರ ಪತ್ರ, ಈ ಮೂರರ ನಕಲು ಕೇಳಿ. ಡೆವಲಪರ್ ಕೊಡದಿದ್ದರೆ ಆರ್‌ಟಿಐ ಅರ್ಜಿ ಹಾಕಿ. ರೆವಿನ್ಯೂ ಸೈಟಿನಲ್ಲಿ (ನಕ್ಷೆಗೆ ಒಪ್ಪಿಗೆಯಿಲ್ಲದೆ ಹೊಲ ತುಂಡು ಮಾಡಿ ಮಾರಿದ ಸೈಟು) ಇವು ಯಾವುವೂ ಇರುವುದಿಲ್ಲ. ಅಲ್ಲಿ ಯಾರೂ ಏನನ್ನೂ ಕಟ್ಟಿಲ್ಲ ಎಂದೇ ಅರ್ಥ.

2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ನೋಂದಾಯಿತ ಲೇಔಟ್‌ನವರ ಕೈಗೆ ಒಳ್ಳೆಯ ಹಿಡಿತ ಕೊಟ್ಟಿದೆ. ನೀರು, ನೈರ್ಮಲ್ಯದ ಕೆಲಸ ಯಾವ ಹಂತದಲ್ಲಿ ಮುಗಿಯುತ್ತದೆಂಬ ವೇಳಾಪಟ್ಟಿಯನ್ನು ಕೇಳುವ ಹಕ್ಕು ಕಲಂ 19ರಲ್ಲಿದೆ. ಸ್ವಾಧೀನ ಕೊಟ್ಟ 5 ವರ್ಷದೊಳಗೆ ಸೌಲಭ್ಯಗಳಲ್ಲಿ ದೋಷ ತೋರಿಸಿಕೊಟ್ಟರೆ, ಕಲಂ 14(3)ರಂತೆ ಡೆವಲಪರ್ 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಹಾಗಾಗಿ ದೂರನ್ನು ಫೋನಿನಲ್ಲಿ ಹೇಳಬೇಡಿ. ಫೋಟೋ, ದಿನಾಂಕದ ಸಮೇತ ಪತ್ರ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಆ ಕರಾರಿನಲ್ಲೇ ಹೀಗೊಂದು ಸಾಲು ಸೇರಿಸಿ: "ಗೇಟಿನಿಂದ ಮುಖ್ಯ ಕೊಳವೆಯವರೆಗಿನ ನೀರು, ಒಳಚರಂಡಿ ಪೈಪಿನ ಪೂರ್ತಿ ಖರ್ಚು ಮಾರಾಟಗಾರರದ್ದು; ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾಗುವವರೆಗಿನ ನಿರ್ವಹಣೆಯೂ ಅವರದ್ದೇ."